ಬಿಟ್ಟು ಹೊರಡುವವಳ ಕಾಯ್ದೆ: ಒಂದು ವ್ಯಾಖ್ಯಾನ

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2005ರಲ್ಲಿ. ಅದು ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ವಕೀಲರೂ ಕಕ್ಷಿದಾರರೂ ಅದನ್ನು ‘ಡಿವಿ ಕೇಸು’ ಅನ್ನುತ್ತಾರೆ. ಬಹಳಷ್ಟು ಮಂದಿಯ ತಿಳಿವಳಿಕೆಯಲ್ಲಿ ಅದು ಜೀವನಾಂಶ ಕೇಳುವ ಇನ್ನೊಂದು ದಾರಿ, ಅಷ್ಟೆ. ನಾನು ಅದನ್ನು ಬೇರೆ ಬಗೆಯಲ್ಲಿ ಓದುತ್ತೇನೆ. ಹೊಡೆಯುವವನ ಮನೆಯಿಂದ ಹೊರಬೀಳುವ ಹೆಂಗಸಿಗೆ ಹೊರಡುವ ಮುಂಚೆ, ಹೊರಟ ದಿನ, ಹೊರಟ ಮೇಲಿನ ತಿಂಗಳುಗಳಲ್ಲಿ ಏನೇನು ಅಪಾಯ ಬರಬಹುದು ಎಂದು ಒಂದೊಂದಾಗಿ ಊಹಿಸಿ ಬರೆದ ಕಾಯ್ದೆ ಇದು. ಅದರ ಕೆಲವು ಸಾಲುಗಳ ಸಾರವನ್ನು ನನ್ನ ಮಾತಿನಲ್ಲಿ ಇಟ್ಟು, ಆ ದೃಷ್ಟಿಯಿಂದಲೇ ವಿವರಿಸುತ್ತೇನೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ದೇಶದ ಸರಾಸರಿ ಶೇ. 29ರ ಆಸುಪಾಸು. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರ ಪೈಕಿ ಯಾರ ಬಳಿಯಾದರೂ ನೆರವು ಕೇಳಿದವರು ಶೇ. 14 ಮಾತ್ರ. ‘ಅಷ್ಟು ಹೊಡೆದರೂ ಯಾಕೆ ಅಲ್ಲೇ ಇದ್ದಾಳೆ’ ಎಂದು ಕೇಳುವವರು ಒಂದು ಸಂಗತಿ ತಿಳಿದಿರಬೇಕು. ಹಿಡಿತ ತಪ್ಪುತ್ತಿದೆ ಎಂದು ಗಂಡನಿಗೆ ಗೊತ್ತಾಗುವ ಹೊತ್ತೇ ಹೆಂಡತಿಯ ಜೀವಕ್ಕೆ ಅತಿ ಹೆಚ್ಚು ಅಪಾಯದ ಹೊತ್ತು. ಹಲವು ದೇಶಗಳ ಕೊಲೆ ಪ್ರಕರಣಗಳನ್ನು ಪರಿಶೀಲಿಸಿದವರು ಇದನ್ನೇ ಕಂಡಿದ್ದಾರೆ. ಅವಳು ಅಲ್ಲೇ ಉಳಿದಿರುವುದು ಎಷ್ಟೋ ಸಲ ದಡ್ಡತನದಿಂದಲ್ಲ, ಲೆಕ್ಕಾಚಾರದಿಂದ. ಆ ಲೆಕ್ಕಾಚಾರಕ್ಕೆ ಬೇಕಾದ ಮಾಹಿತಿಯನ್ನು ಒದಗಿಸುವುದೇ ನಾವು ಮಾಡಬಹುದಾದ ಸಹಾಯ.

ಕಲಂ 2: ಒಂದೇ ಸೂರಿನಡಿ ಬಾಳುತ್ತಿರುವ, ಅಥವಾ ಹಿಂದೆ ಎಂದಾದರೂ ಬಾಳಿದ್ದ ಹೆಂಗಸು ಈ ಕಾಯ್ದೆಯ ನೆರವು ಕೇಳಬಹುದು.

‘ಹಿಂದೆ ಎಂದಾದರೂ’ ಎಂಬುದನ್ನು ಎರಡು ಸಲ ಓದಿ. ‘ಹೊಸಿಲು ದಾಟಿದೆಯೋ, ನಿನಗೆ ಇಲ್ಲಿ ಏನೂ ಇಲ್ಲ’ ಎಂಬ ಬೆದರಿಕೆಯನ್ನು ಕೇಳದ ಹೆಂಗಸರು ಕಡಿಮೆ. ಆ ಬೆದರಿಕೆಗೆ ಕಾನೂನಿನಲ್ಲಿ ಬಲವಿಲ್ಲ. ಮನೆ ಬಿಟ್ಟು ತವರಿಗೆ ಹೋದವಳು, ವಿಚ್ಛೇದನವಾದ ಮೇಲೂ ಕಾಟ ತಪ್ಪದವಳು, ಕಚೇರಿಯಲ್ಲಿ ನೋಂದಣಿಯಾಗದಿದ್ದರೂ ಗಂಡ ಹೆಂಡತಿಯಂತೆ ಬಾಳಿದವಳು, ಅಣ್ಣನ ಹೊಡೆತ ತಿನ್ನುವ ತಂಗಿ, ಮಗನ ಕೈಯಲ್ಲಿ ನರಳುವ ತಾಯಿ, ಎಲ್ಲರೂ ಇದರೊಳಗೆ ಬರುತ್ತಾರೆ. ಎದುರಿಗಿರುವವರು ‘ವಯಸ್ಕ ಗಂಡಸು’ ಆಗಿರಬೇಕು ಎಂದು ಮೊದಲು ಇತ್ತು. 2016ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಮಾತನ್ನು ತೆಗೆದುಹಾಕಿತು. ಆದ್ದರಿಂದ ಅತ್ತೆ, ನಾದಿನಿಯರ ಮೇಲೂ ಅರ್ಜಿ ಹಾಕಬಹುದು.

ಒಂದು ಕೊರತೆಯನ್ನೂ ಹೇಳಬೇಕು. ಗಂಡಸಿಗೆ ಮೊದಲೇ ಮದುವೆಯಾಗಿದೆ ಎಂದು ತಿಳಿದೂ ಅವನ ಜೊತೆಗಿದ್ದವಳಿಗೆ ಈ ರಕ್ಷಣೆ ಸಿಗದು ಎಂದು 2013ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹೊಡೆತದ ನೋವು ಮದುವೆಯ ಸಿಂಧುತ್ವ ನೋಡಿಕೊಂಡು ಬರುವುದಿಲ್ಲ. ಅಂಥವಳಿಗೂ ಪೊಲೀಸರಿಗೆ ದೂರು ಕೊಡುವ ದಾರಿ ಮುಚ್ಚಿಲ್ಲ, ಆದರೆ ಈ ಬಾಗಿಲು ತೆರೆದಿರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಕಲಂ 3: ಮೈಮೇಲಿನ, ಲೈಂಗಿಕ, ಮಾತಿನ ಮತ್ತು ಮನಸ್ಸಿನ, ಹಣಕಾಸಿನ ಹಿಂಸೆ, ಇವೆಲ್ಲವೂ ಕೌಟುಂಬಿಕ ಹಿಂಸೆ.

ಹಣಕಾಸಿನ ಹಿಂಸೆ ಎಂದರೆ ಮನೆಖರ್ಚಿಗೆ ಕೊಡದಿರುವುದು, ಅವಳ ಸಂಬಳವನ್ನು ಕಿತ್ತುಕೊಳ್ಳುವುದು, ಒಡವೆಯನ್ನು ಅವಳಿಗೆ ಹೇಳದೆ ಗಿರವಿ ಇಡುವುದು, ಎಟಿಎಂ ಕಾರ್ಡನ್ನು ತನ್ನ ಜೇಬಿನಲ್ಲಿಟ್ಟುಕೊಳ್ಳುವುದು. ‘ಅವನು ಕೈ ಎತ್ತಿಲ್ಲವಲ್ಲ’ ಎಂದು ತಮ್ಮ ಕಷ್ಟವನ್ನು ತಾವೇ ಸಣ್ಣದು ಮಾಡಿಕೊಳ್ಳುವವರಿಗಾಗಿ ಈ ಸಾಲು ಇದೆ.

ಮೈಮೇಲಿನ ಹಿಂಸೆಯಲ್ಲಿ ಒಂದನ್ನು ಬೇರೆಯಾಗಿ ಎತ್ತಿ ಹೇಳಲೇಬೇಕು: ಕತ್ತು ಹಿಸುಕುವುದು. ‘ಸಿಟ್ಟಿನಲ್ಲಿ ಕುತ್ತಿಗೆಗೆ ಕೈ ಹಾಕಿದ, ಆಮೇಲೆ ಬಿಟ್ಟ’ ಎಂದು ಹೆಂಗಸರು ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ, ಕೇಳಿಸಿಕೊಳ್ಳುವವರೂ ಬಿಟ್ಟುಬಿಡುತ್ತಾರೆ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಹಿಂದೆ ಒಮ್ಮೆ ಕತ್ತು ಹಿಸುಕಿಸಿಕೊಂಡು ಬದುಕುಳಿದವಳು ಮುಂದೆ ಅದೇ ಸಂಗಾತಿಯಿಂದ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗೂ ಹೆಚ್ಚು ಎಂದು ಕಂಡುಬಂತು. ಹೊರಗೆ ಗುರುತೇ ಇಲ್ಲದಿರಬಹುದು. ಧ್ವನಿ ಒಡೆಯುವುದು, ನುಂಗಲು ನೋವು, ಕಣ್ಣಿನ ಬಿಳಿಯಲ್ಲಿ ರಕ್ತದ ಚುಕ್ಕೆ, ಆ ಹೊತ್ತಿನ ನೆನಪು ತಪ್ಪುವುದು, ಅರಿವಿಲ್ಲದೆ ಮೂತ್ರ ಹೋಗುವುದು ಅದರ ಲಕ್ಷಣಗಳು. ಕತ್ತಿನ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಗಂಟೆಗಳು, ದಿನಗಳು ಕಳೆದ ಮೇಲೂ ಲಕ್ವ ಹೊಡೆಯಬಹುದು. ಹಾಗಾದಾಗ ಆಸ್ಪತ್ರೆಗೆ ಹೋಗಬೇಕು, ‘ಕತ್ತು ಹಿಸುಕಿದ’ ಎಂಬ ಮಾತನ್ನೇ ವೈದ್ಯರಿಗೆ ಹೇಳಬೇಕು, ಅದು ಚೀಟಿಯಲ್ಲಿ ಬರೆದಿದೆಯೇ ನೋಡಿಕೊಳ್ಳಬೇಕು. ಇದು ನಡೆದಿರುವ ಮನೆಯಲ್ಲಿ ‘ಇನ್ನೊಂದು ಅವಕಾಶ ಕೊಡು’ ಎಂದು ಸಲಹೆ ಮಾಡುವ ಹಕ್ಕು ಯಾವ ಹಿರಿಯರಿಗೂ ಇಲ್ಲ.

ಕಲಂ 4: ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ನಿಲ್ಲದು.

ಇದು ಪಕ್ಕದ ಮನೆಯವರಿಗೆ, ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ, ಶಾಲೆಯ ಮೇಷ್ಟ್ರಿಗೆ ಬರೆದ ಸಾಲು. ‘ಗಂಡ ಹೆಂಡಿರ ಜಗಳದಲ್ಲಿ ನಾವೇಕೆ’ ಎನ್ನುವವರಿಗೆ ಕಾಯ್ದೆ ಭಯಬಿಡಿ ಎನ್ನುತ್ತಿದೆ. ಫೋನಿನಲ್ಲಿ ಹೇಳಿದರೂ ಸಾಕು. ತುರ್ತು ಎನಿಸಿದರೆ ಅಧಿಕಾರಿ ಪೊಲೀಸರನ್ನು ಕರೆದುಕೊಂಡು ಸ್ಥಳಕ್ಕೆ ಹೋಗಬೇಕು ಎಂದು 2006ರ ನಿಯಮಗಳು ವಿಧಿಸಿವೆ. ಆದರೆ ಅವಳನ್ನು ಕೇಳದೆ ಹೆಜ್ಜೆ ಇಡಬೇಡಿ. ಅಧಿಕಾರಿ ಬಂದುಹೋದ ರಾತ್ರಿ ಮನೆಯೊಳಗೆ ಏನಾಗುತ್ತದೆ ಎಂಬುದು ನಮಗಿಂತ ಅವಳಿಗೆ ಗೊತ್ತು. ಅವಳ ಅನುಮತಿಗೆ ಕಾಯಬಾರದ ಸಂದರ್ಭ ಒಂದೇ, ಕಣ್ಣೆದುರೇ ಕೊಲ್ಲುವಂತೆ ಹೊಡೆಯುತ್ತಿರುವುದು. ಆಗ 112.

ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳಿಗೆ, ತಾಲ್ಲೂಕಿನಲ್ಲಿ ಸಿಡಿಪಿಒ ಎಂದು ನಾವು ಕರೆಯುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ, ಸಂರಕ್ಷಣಾಧಿಕಾರಿಯ ಹೊಣೆ ಕೊಡಲಾಗಿದೆ. ಅಂಗನವಾಡಿಯ ಮೊಟ್ಟೆ, ಕಟ್ಟಡ, ಸಭೆಗಳ ನಡುವೆ ಈ ಕೆಲಸ. ದೇಶದಲ್ಲಿ ಎಷ್ಟೋ ಕಡೆ ಈ ಹುದ್ದೆಯ ಹೊಣೆ ಯಾರಿಗೂ ಇಲ್ಲದಿದ್ದುದರಿಂದ, ಜಿಲ್ಲೆ ತಾಲ್ಲೂಕುಗಳಲ್ಲಿ ಅಧಿಕಾರಿಗಳನ್ನು ಗುರುತಿಸಿ ನೇಮಿಸಿ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕಾಯ್ದೆ ಬಂದು ಇಪ್ಪತ್ತು ವರ್ಷವಾಗುವ ಹೊತ್ತಿನಲ್ಲಿ!

ಕಲಂ 5: ದೂರು ಬಂದಾಗ ಪೊಲೀಸರು, ಸಂರಕ್ಷಣಾಧಿಕಾರಿ, ಮ್ಯಾಜಿಸ್ಟ್ರೇಟ್ ಅವಳಿಗೆ ಅವಳ ಹಕ್ಕುಗಳನ್ನು ತಿಳಿಸಬೇಕು: ಆದೇಶ ಕೋರುವುದು, ಉಚಿತ ವಕೀಲರು, ಕ್ರಿಮಿನಲ್ ದೂರು.

ಠಾಣೆಗಳಲ್ಲಿ ನಡೆಯುವುದು ಬಹಳ ಸಲ ಬೇರೆಯೇ. ಗಂಡನನ್ನು ಕರೆಸಿ, ಗದರಿಸಿ, ‘ಇನ್ನು ಹೊಡೆಯಲ್ಲ’ ಎಂದು ಬರೆಸಿಕೊಂಡು, ಇಬ್ಬರನ್ನೂ ಒಂದೇ ಆಟೋದಲ್ಲಿ ಕಳಿಸಿಬಿಡುತ್ತಾರೆ. ಬುದ್ಧಿ ಹೇಳಿ ಕಳಿಸಿದೆವು ಎಂದು ಹಿಂಬರಹ ಕೊಟ್ಟರೆ ಫೈಲು ಮುಗಿಯಿತು. ಆ ಆಟೋದಲ್ಲಿ ಕೂತವಳ ಎದೆಬಡಿತವನ್ನು ಯಾವ ಹಿಂಬರಹವೂ ದಾಖಲಿಸುವುದಿಲ್ಲ. ಅಪರಾಧ ನಡೆದಿದ್ದರೆ ಎಫ್‌ಐಆರ್ ಮಾಡುವ ಹೊಣೆಯಿಂದ ಪೊಲೀಸರಿಗೆ ಬಿಡುಗಡೆ ಇಲ್ಲ ಎಂದು ಇದೇ ಕಲಂ ಹೇಳುತ್ತದೆ.

ಗಂಡ ಮತ್ತವನ ಕಡೆಯವರ ಕ್ರೌರ್ಯಕ್ಕೆ ಮೊದಲು ಭಾರತೀಯ ದಂಡ ಸಂಹಿತೆಯ ಕಲಂ 498ಎ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 85, 86 ಇವೆ, ಶಿಕ್ಷೆ ಮೂರು ವರ್ಷದವರೆಗೆ. ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಅಪಾಯವಿದೆ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಯಾಂತ್ರಿಕವಾಗಿ ಬಂಧಿಸುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಸೂಚಿಸಿತು. ಸಾಮಾನ್ಯವಾಗಿ ನೋಟಿಸು ಕೊಟ್ಟು ವಿಚಾರಣೆಗೆ ಕರೆಯುತ್ತಾರೆ. ಅಂದರೆ ಬೆಳಗ್ಗೆ ದೂರು ಕೊಟ್ಟರೆ ಸಂಜೆ ಅವನು ಮನೆಯಲ್ಲೇ ಇರಬಹುದು, ದೂರಿನ ಸುದ್ದಿಯೂ ಅವನಿಗೆ ತಿಳಿದಿರುತ್ತದೆ. ಆದ್ದರಿಂದ ಆ ರಾತ್ರಿ ಎಲ್ಲಿ ಮಲಗುವುದು ಎಂದು ತೀರ್ಮಾನಿಸಿದ ಮೇಲೆಯೇ ಠಾಣೆಯ ಮೆಟ್ಟಿಲು ಹತ್ತಬೇಕು.

ಉಚಿತ ವಕೀಲರ ವಿಷಯಕ್ಕೆ ಬಂದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಸಂಬಳದ ಕೆಲಸದಲ್ಲಿದ್ದವಳಿಗೂ ಸಿಗುತ್ತದೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಇದೆ, ದೂರವಾಣಿ 15100.

ಕಲಂ 6 ಮತ್ತು 7: ಕೇಳಿದಾಗ ಆಶ್ರಯಧಾಮ ಆಶ್ರಯ ಕೊಡಬೇಕು, ಆಸ್ಪತ್ರೆ ಚಿಕಿತ್ಸೆ ಕೊಡಬೇಕು.

ಮೊದಲು ದೂರು ತನ್ನಿ ಎಂದು ಇಬ್ಬರೂ ವಾಪಸು ಕಳಿಸುವಂತಿಲ್ಲ. ಅವಳು ಬಯಸಿದರೆ ಅಲ್ಲಿರುವ ಸಂಗತಿಯನ್ನು ಆಶ್ರಯಧಾಮ ಗಂಡನ ಕಡೆಯವರಿಗೆ ತಿಳಿಸಬಾರದು ಎಂದು ನಿಯಮವಿದೆ. ‘ನನ್ನ ಹೆಂಡತಿ ಒಳಗಿದ್ದಾಳಾ’ ಎಂದು ಬಾಗಿಲಲ್ಲಿ ಅತ್ತು ಕರೆಯುವ ಗಂಡಸಿಗೆ ಕರಗಿ ಹೂಂ ಅನ್ನುವ ಕಾವಲುಗಾರ ಇದನ್ನು ತಿಳಿದಿರಬೇಕು. ಜಿಲ್ಲೆಗಳಲ್ಲಿ ‘ಸಖಿ’ ಒನ್ ಸ್ಟಾಪ್ ಸೆಂಟರ್‌ಗಳಿವೆ. ತುರ್ತಿಗೆ ಕೆಲವು ದಿನ ಅಲ್ಲಿ ಉಳಿಯಬಹುದು; ವೈದ್ಯರು, ಪೊಲೀಸರು, ವಕೀಲರ ನೆರವು ಅಲ್ಲಿಂದಲೇ ಸಿಗಬೇಕು. ರಾಜ್ಯದ ಸಾಂತ್ವನ ಕೇಂದ್ರಗಳು ತಾಲ್ಲೂಕುಗಳಲ್ಲಿವೆ. ಹೆಚ್ಚು ದಿನ ನಿಲ್ಲಬೇಕಾದವರಿಗೆ ಹಿಂದೆ ಸ್ವಾಧಾರ ಗೃಹ ಎನ್ನುತ್ತಿದ್ದ, ಈಗ ಶಕ್ತಿ ಸದನ ಎನ್ನುವ ನೆಲೆಗಳಿವೆ. ಇವೆಲ್ಲಕ್ಕೂ ದಾರಿ ತೋರಿಸುವ ಒಂದೇ ಸಂಖ್ಯೆ 181.

ಆಸ್ಪತ್ರೆಯಲ್ಲಿ ‘ಬಚ್ಚಲಲ್ಲಿ ಜಾರಿಬಿದ್ದೆ’ ಎಂದು ಬರೆಸಿಕೊಂಡ ಚೀಟಿ ಮುಂದೆ ಕೋರ್ಟಿನಲ್ಲಿ ಅವಳ ವಿರುದ್ಧವೇ ಓದಲ್ಪಡುತ್ತದೆ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯವರು ಸುಟ್ಟಗಾಯದ ವಾರ್ಡುಗಳಲ್ಲಿ ಎದುರಿಸಿದ್ದು ಇದನ್ನೇ. ಗಂಡನ ಮನೆಯವರು ಪಕ್ಕದಲ್ಲೇ ನಿಂತಿರುವಾಗ ‘ಸ್ಟೌ ಸಿಡಿಯಿತು’ ಎಂಬ ಹೇಳಿಕೆ ದಾಖಲಾಗುತ್ತಿತ್ತು. ಗಾಯಗೊಂಡವಳನ್ನು ಒಬ್ಬಳೇ ಮಾತಾಡಿಸಿ ಎಂದು ವೈದ್ಯರಲ್ಲಿ, ದಾದಿಯರಲ್ಲಿ ನನ್ನ ಬೇಡಿಕೆ.

ಕಲಂ 9 ಮತ್ತು ನಿಯಮಗಳ ನಮೂನೆ 5: ಸಂರಕ್ಷಣಾಧಿಕಾರಿ ಅವಳೊಂದಿಗೆ ಸಮಾಲೋಚಿಸಿ ಸುರಕ್ಷತಾ ಯೋಜನೆ ಬರೆಯಬೇಕು.

ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಕಾಗದ ಇದು. ಬಹಳಷ್ಟು ಫೈಲುಗಳಲ್ಲಿ ಇದು ಖಾಲಿ ಇರುತ್ತದೆ, ಇಲ್ಲವೇ ‘ರಕ್ಷಣೆ ಬೇಕು’ ಎಂಬ ಎರಡು ಪದದಲ್ಲಿ ಮುಗಿದಿರುತ್ತದೆ. ಯಾವ ಹಿಂಸೆ ನಡೆಯಿತು, ಅದರಿಂದ ಏನಾಯಿತು, ಮುಂದೆ ಏನಾಗಬಹುದೆಂದು ಅವಳಿಗೆ ಭಯವಿದೆ, ಅದನ್ನು ತಡೆಯಲು ಏನು ಬೇಕು, ಕೋರ್ಟಿನಿಂದ ಯಾವ ಆದೇಶ ಬೇಕು, ಇವು ಅದರ ಅಂಕಣಗಳು. ಅವಳ ಭಯಕ್ಕೆ ಸರ್ಕಾರಿ ಕಾಗದದಲ್ಲಿ ಒಂದು ಅಂಕಣವೇ ಇದೆ. ‘ಮಗಳನ್ನು ಶಾಲೆಯಿಂದ ಎತ್ತಿಕೊಂಡು ಹೋಗುತ್ತಾನೆ’, ‘ನನ್ನ ತಮ್ಮನ ಅಂಗಡಿಗೆ ಬೆಂಕಿ ಹಾಕುತ್ತೇನೆ ಅಂದಿದ್ದಾನೆ’, ‘ಫೋಟೊಗಳನ್ನು ಎಲ್ಲರಿಗೂ ಕಳಿಸುತ್ತಾನೆ’ ಎಂಬ ನಿರ್ದಿಷ್ಟ ಮಾತುಗಳು ಅಲ್ಲಿ ಬರಬೇಕು. ಭಯ ನಿರ್ದಿಷ್ಟವಾದಷ್ಟೂ ಆದೇಶ ನಿರ್ದಿಷ್ಟವಾಗುತ್ತದೆ.

ಅಧಿಕಾರಿಯ ಬಳಿ ಹೋಗುವ ಮೊದಲೇ ಈ ಯೋಜನೆಯನ್ನು ಅವಳು ಮನಸ್ಸಿನಲ್ಲಿ ಬರೆದುಕೊಳ್ಳಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಗಳ ಶುರುವಾದರೆ ಅಡುಗೆಮನೆಯಿಂದ, ಬಚ್ಚಲಿನಿಂದ ದೂರ ಸರಿಯಬೇಕು. ಅಲ್ಲಿ ಕತ್ತಿ, ಬಿಸಿನೀರು, ಗ್ಯಾಸು ಇರುತ್ತವೆ. ಹೊರಗೆ ಓಡಲು ದಾರಿ ಇರುವುದಿಲ್ಲ. ಪಕ್ಕದ ಮನೆಯ ಒಬ್ಬರೊಂದಿಗೆ ಸುಳಿವಿನ ಮಾತೊಂದನ್ನು ಗೊತ್ತುಮಾಡಿಕೊಳ್ಳಬೇಕು. ‘ಅಕ್ಕಾ, ಹೆಪ್ಪಿಗೆ ಸ್ವಲ್ಪ ಮೊಸರು ಇದೆಯಾ’ ಎಂದು ಫೋನು ಬಂದರೆ 112ಕ್ಕೆ ಕರೆ ಮಾಡಬೇಕು ಎಂಬಂತೆ. ಮಕ್ಕಳಿಗೆ ನಡುವೆ ಬರಬೇಡಿ, ಇಂಥವರ ಮನೆಗೆ ಓಡಿ ಎಂದಷ್ಟೇ ಹೇಳಿಕೊಡಬೇಕು. ಹೊರಡುವ ದಿನವನ್ನು ಸಣ್ಣ ಮಕ್ಕಳಿಗೆ ಮೊದಲೇ ಹೇಳಬಾರದು, ಬಾಯಿ ತಪ್ಪಿ ಅಪ್ಪನ ಮುಂದೆ ಆಡಿಬಿಡುತ್ತಾರೆ.

ಕಾಗದಗಳು: ಆಧಾರ್, ರೇಷನ್ ಕಾರ್ಡು, ಲಗ್ನಪತ್ರಿಕೆ, ಮದುವೆಯ ಫೋಟೊ, ಮಕ್ಕಳ ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡು, ಪಾಸ್‌ಬುಕ್, ಒಡವೆ ಅಂಗಡಿಯ ಬಿಲ್ಲು, ಆಸ್ಪತ್ರೆಯ ಚೀಟಿಗಳು, ಸಾಧ್ಯವಾದರೆ ಗಂಡನ ಸಂಬಳದ ಚೀಟಿ. ಮೂಲವನ್ನು ಎತ್ತಿದರೆ ಅವನಿಗೆ ಗೊತ್ತಾಗುವುದಾದರೆ ಜೆರಾಕ್ಸ್ ಸಾಕು. ನಂಬಿಕೆಯವರ ಮನೆಯಲ್ಲಿ ಒಂದು ಸಣ್ಣ ಚೀಲದಲ್ಲಿ ಇವು, ಎರಡು ಜೊತೆ ಬಟ್ಟೆ, ದಿನದ ಮಾತ್ರೆಗಳು ಇರಲಿ. ಆದರೆ ಯಾವ ಕಾಗದಕ್ಕೂ ಜೀವದಷ್ಟು ಬೆಲೆ ಇಲ್ಲ. ಓಡಬೇಕಾಗಿ ಬಂದರೆ ಬರಿಗೈಯಲ್ಲೇ ಓಡಬೇಕು. ಕರ್ನಾಟಕದೊಳಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಹಣ ಬೇಕಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಕೈಯಲ್ಲಿ ದುಡ್ಡಿಲ್ಲದ್ದರಿಂದಲೇ ಊರು ದಾಟಲಾಗದೆ ಉಳಿದ ಎಷ್ಟೋ ಹೆಂಗಸರಿಗೆ ‘ಶಕ್ತಿ’ ಯೋಜನೆ ಹೀಗೂ ಒದಗಿದೆ, ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವ ಖಾತೆಯ ಎಟಿಎಂ ಕಾರ್ಡು ಯಾರ ಕೈಯಲ್ಲಿದೆ, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಯಾರದು ಎಂದು ಮೊದಲೇ ನೋಡಿಟ್ಟುಕೊಳ್ಳಬೇಕು.

ಇನ್ನು ಫೋನು. ಹೆಂಗಸು ಎಲ್ಲಿದ್ದಾಳೆಂದು ಇವತ್ತು ಹುಡುಕಿಕೊಡುವುದು ಅವಳ ಕೈಯಲ್ಲಿರುವ ಫೋನೇ. ಗೂಗಲ್ ಮ್ಯಾಪ್‌ನಲ್ಲಿ ಜಾಗ ಹಂಚಿಕೆ ಚಾಲೂ ಇರಬಹುದು. ಅವಳ ವಾಟ್ಸಾಪ್ ಅವನ ಲ್ಯಾಪ್‌ಟಾಪಿನಲ್ಲಿ ತೆರೆದಿರಬಹುದು (‘ಲಿಂಕ್ಡ್ ಡಿವೈಸಸ್’ ಎಂಬಲ್ಲಿ ನೋಡಿದರೆ ಕಾಣುತ್ತದೆ). ಸಿಮ್ ಅವನ ಹೆಸರಲ್ಲಿದ್ದರೆ ಅದನ್ನು ನಿಲ್ಲಿಸುವ, ಇನ್ನೊಂದು ಸಿಮ್ ತೆಗೆಸುವ ದಾರಿ ಅವನಿಗಿದೆ. ಆದರೂ ಮನೆಯಲ್ಲಿರುವಾಗಲೇ ಎಲ್ಲವನ್ನೂ ಬಂದ್ ಮಾಡಬಾರದು. ಇದ್ದಕ್ಕಿದ್ದಂತೆ ಪಾಸ್‌ವರ್ಡ್ ಬದಲಾದರೆ ಅವನಿಗೆ ಸುಳಿವು ಸಿಕ್ಕಂತೆ. ಸಹಾಯದ ಕರೆಗಳನ್ನು ಬೇರೆಯವರ ಫೋನಿನಿಂದ ಮಾಡಬೇಕು, ಹೊರಟ ಮೇಲೆ ಹೊಸ ಸಿಮ್, ಹೊಸ ಗೂಗಲ್ ಖಾತೆ ಮಾಡಿಕೊಳ್ಳಬೇಕು. ಮಕ್ಕಳ ಟ್ಯಾಬು, ಕೈಗಡಿಯಾರ ಕೂಡ ಜಾಗ ತೋರಿಸುತ್ತವೆ. ಅವನು ಕಳಿಸಿದ ಬೆದರಿಕೆಯ ಮೆಸೇಜುಗಳನ್ನು ಅಳಿಸಬಾರದು; ಅವು ಸಾಕ್ಷಿ.

ಕಲಂ 12: ಅವಳು ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು, ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನ ಅರವತ್ತು ದಿನದೊಳಗೆ ಆಗುವಂತೆ ನೋಡಬೇಕು.

ಅರವತ್ತು ದಿನ ಎಂಬುದು ಬಹುತೇಕ ಕಾಗದದಲ್ಲೇ ಉಳಿದಿದೆ. ವರ್ಷಗಳು ಹಿಡಿಯುತ್ತವೆ. ಅಧಿಕಾರಿಯ ವರದಿ ಇಲ್ಲದಿದ್ದರೂ ಅರ್ಜಿ ನಿಲ್ಲುತ್ತದೆ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಹಿಂಸೆ ನಡೆದ ಒಂದು ವರ್ಷದೊಳಗೆ ಬರಲಿಲ್ಲ ಎಂದು ಅರ್ಜಿಯನ್ನು ತಳ್ಳುವಂತಿಲ್ಲ ಎಂದೂ ಅದೇ ವರ್ಷ ಹೇಳಿದೆ.

ಕಲಂ 14: ಮ್ಯಾಜಿಸ್ಟ್ರೇಟ್ ಆಪ್ತಸಮಾಲೋಚನೆಗೆ ಕಳಿಸಬಹುದು.

ಇದನ್ನೇ ರಾಜಿ ಪಂಚಾಯಿತಿ ಎಂದು ತಿಳಿಯುವವರಿದ್ದಾರೆ. ನಿಯಮ ಹಾಗಿಲ್ಲ. ಅವಳಿಗೆ ಇಷ್ಟವಿಲ್ಲದಿದ್ದರೆ ರಾಜಿಯ ಮಾತೇ ಎತ್ತುವಂತಿಲ್ಲ. ‘ಅವಳು ಎದುರು ಮಾತಾಡಿದಳು, ಅದಕ್ಕೇ ಹೊಡೆದೆ’ ಎಂಬ ಸಮರ್ಥನೆಗೆ ಆ ಕೋಣೆಯಲ್ಲಿ ಜಾಗವಿಲ್ಲ. ಊರ ಹಿರಿಯರ ಕಟ್ಟೆಯಲ್ಲಿ ನಡೆಯುವುದು ಇದರ ತಲೆಕೆಳಗು: ಅಲ್ಲಿ ಶುರುವಾಗುವುದೇ ಅವಳ ತಪ್ಪಿನಿಂದ.

ಕಲಂ 17 ಮತ್ತು 19: ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ಇರುವ ಹಕ್ಕು ಅವಳಿಗಿದೆ, ಬೇಕಾದರೆ ಅವನನ್ನೇ ಹೊರಗಿಡಬಹುದು, ಅಥವಾ ಅದೇ ಮಟ್ಟದ ಬೇರೆ ಮನೆ, ಬಾಡಿಗೆ ಕೊಡಿಸಬಹುದು.

ಮನೆ ಮಾವನ ಹೆಸರಲ್ಲಿದ್ದರೆ ಸೊಸೆಗೆ ಹಕ್ಕಿಲ್ಲ ಎಂಬ 2006ರ ತೀರ್ಪು ಬಹಳ ಹೆಂಗಸರನ್ನು ಬೀದಿಗೆ ತಂದಿತ್ತು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಿಗಿಟ್ಟಿತು. ಆದರೆ ಹಕ್ಕಿದೆ ಎಂದು ಅದೇ ಮನೆಯಲ್ಲಿ ಉಳಿಯುವುದು ಸುರಕ್ಷಿತವೇ ಎಂಬುದು ಬೇರೆ ಪ್ರಶ್ನೆ. ಅವನು ಹೊರಗೆ, ಅತ್ತೆ ಮಾವ ಒಳಗೆ ಎಂಬ ಆದೇಶದಿಂದ ರಾತ್ರಿಯ ನಿದ್ದೆ ಬರುವುದಿಲ್ಲ. ಬಾಡಿಗೆ ಕೇಳುವುದು ಎಷ್ಟೋ ಸಲ ಮೇಲು.

ಬಿಟ್ಟುಬಂದ ಬಟ್ಟೆ, ಒಡವೆ, ಮಕ್ಕಳ ಪುಸ್ತಕ ತರಲು ಒಬ್ಬಳೇ ಹೋಗಬಾರದು, ‘ಬಂದು ತೆಗೆದುಕೊಂಡು ಹೋಗು’ ಎಂದು ಅವನು ಎಷ್ಟೇ ಮೆತ್ತಗೆ ಕರೆದರೂ. ಸ್ತ್ರೀಧನ ಹಿಂದಿರುಗಿಸಲು ಕೋರ್ಟು ಆದೇಶಿಸಬಹುದು, ಸಾಮಾನು ಕೊಡಿಸುವುದು ಸಂರಕ್ಷಣಾಧಿಕಾರಿಯ ಕೆಲಸ, ಪೊಲೀಸ್ ರಕ್ಷಣೆಯನ್ನೂ ಕೇಳಬಹುದು.

ಕಲಂ 18: ಹಿಂಸೆ ಮಾಡಬೇಡ, ಅವಳ ಕೆಲಸದ ಜಾಗಕ್ಕೆ, ಮಕ್ಕಳ ಶಾಲೆಗೆ ಹೋಗಬೇಡ, ಯಾವ ರೀತಿಯಲ್ಲೂ ಸಂಪರ್ಕಿಸಬೇಡ, ಲಾಕರು ಖಾತೆ ಮುಟ್ಟಬೇಡ, ಅವಳಿಗೆ ಸಹಾಯ ಮಾಡಿದವರನ್ನು ಕಾಡಬೇಡ ಎಂದು ಆದೇಶಿಸಬಹುದು.

ಕೊನೆಯ ಮಾತು ತವರಿನವರಿಗೆ ಧೈರ್ಯ ಕೊಡಬೇಕು. ಆಶ್ರಯ ಕೊಟ್ಟ ಅಕ್ಕ ಭಾವನ ಮನೆ ಮುಂದೆ ಬಂದು ಕೂಗಾಡುವುದೂ ಈ ಆದೇಶದ ಉಲ್ಲಂಘನೆಯೇ ಆಗುತ್ತದೆ. ಅರ್ಜಿಯಲ್ಲಿ ಕೆಲಸದ ಜಾಗ, ಶಾಲೆ, ಆಶ್ರಯ ಕೊಟ್ಟವರು, ಇವೆಲ್ಲ ಸ್ಪಷ್ಟವಾಗಿ ಇರಬೇಕು. ಕೇಳದ್ದನ್ನು ಕೋರ್ಟು ತಾನಾಗಿ ಕೊಡುವುದು ಅಪರೂಪ. ಆದೇಶದ ಪ್ರತಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ತಲುಪಿಸಿ, ಮಗುವನ್ನು ಯಾರೊಂದಿಗೆ ಕಳಿಸಬೇಕು ಎಂದು ಬರೆದುಕೊಡಬೇಕು.

ಕಲಂ 20 ಮತ್ತು 21: ಖರ್ಚು, ಚಿಕಿತ್ಸೆ, ಜೀವನಾಂಶ, ಮಕ್ಕಳ ತಾತ್ಕಾಲಿಕ ಸುಪರ್ದು.

ಜೀವನಾಂಶದ ಮೊತ್ತ ಅವಳು ಬಾಳಿದ ಮಟ್ಟಕ್ಕೆ ಒಪ್ಪುವಂತಿರಬೇಕು. ಅವನು ಕೊಡದಿದ್ದರೆ ಅವನ ಸಂಬಳದಿಂದ ನೇರವಾಗಿ ಕಟ್ಟಿಸುವಂತೆ ಕೋರ್ಟು ಕಂಪನಿಗೇ ಹೇಳಬಹುದು. ಮಕ್ಕಳ ವಿಷಯದಲ್ಲಿ ಒಂದೇ ಮಾತು: ಹೊಸ ಊರಿನ ಶಾಲೆಗೆ ಸೇರಿಸಲು ಟಿಸಿ ಇಲ್ಲ ಎಂಬ ಭಯ ಬೇಡ. ಹದಿನಾಲ್ಕರವರೆಗಿನ ಮಗುವಿಗೆ ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಟಿಸಿಗಾಗಿ ಹಳೆಯ ಶಾಲೆಗೆ ಹೋದರೆ ಹೊಸ ಊರಿನ ಸುದ್ದಿ ಅವನಿಗೆ ತಲುಪುವ ಸಾಧ್ಯತೆಯೂ ಇದೆ, ಎಚ್ಚರ.

ಕಲಂ 23: ಅವಳ ಪ್ರಮಾಣಪತ್ರದ ಆಧಾರದ ಮೇಲೆ, ಅವನ ಮಾತು ಕೇಳುವ ಮೊದಲೇ ಮಧ್ಯಂತರ ಆದೇಶ ಕೊಡಬಹುದು.

ಮೇಲೆ ಹೇಳಿದ ವಿಳಂಬಕ್ಕೆ ಮದ್ದು ಇಲ್ಲಿದೆ. ಅರ್ಜಿ ಹಾಕಿದ ದಿನವೇ ಇದನ್ನು ಕೇಳಿ ಎಂದು ವಕೀಲರಿಗೆ ಒತ್ತಿ ಹೇಳಬೇಕು. ನೋಟಿಸು ಅವನ ಕೈ ಸೇರುವ ಹೊತ್ತಿಗೆ ಆದೇಶವೂ ಜೊತೆಗಿದ್ದರೆ ನೋಟಿಸಿನ ನಂತರದ ಅಪಾಯದ ದಿನಗಳನ್ನು ದಾಟುವುದು ಸುಲಭ.

ಕಲಂ 27: ಅವಳು ಕಾಯಂ ಆಗಿ ಅಥವಾ ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿಗೂ ಅಧಿಕಾರವಿದೆ.

ಹಾವೇರಿಯ ಗಂಡನ ಮನೆಯಿಂದ ಬಂದು ದಾವಣಗೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿರುವವಳು ದಾವಣಗೆರೆಯಲ್ಲೇ ಅರ್ಜಿ ಹಾಕಬಹುದು. ಕ್ರೌರ್ಯದ ಕ್ರಿಮಿನಲ್ ದೂರಿಗೂ ಆಶ್ರಯ ಪಡೆದ ಊರು ಸಾಕು ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ‘ನಿಮ್ಮ ಊರಿನ ಠಾಣೆಗೆ ಹೋಗಿ’ ಎಂದು ತಿರುಗಿಸಿದರೆ ಈ ಮಾತನ್ನು ನೆನಪಿಸಿ. ಆದರೆ ಅರ್ಜಿಯ ಪ್ರತಿ ಅವನಿಗೂ ಹೋಗುತ್ತದೆ. ಅದರಲ್ಲಿ ಈಗಿನ ವಿಳಾಸ ಬರೆದರೆ ಅಡಗಿ ಫಲವಿಲ್ಲ. ಯಾವ ವಿಳಾಸ ಕೊಡುವುದು ಎಂದು ವಕೀಲರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು. ವಿಚಾರಣೆಯ ದಿನಾಂಕ ಅವನಿಗೂ ಗೊತ್ತು. ಆ ದಿನ ಅವಳು ಎಲ್ಲಿರುತ್ತಾಳೆಂಬುದೂ ಗೊತ್ತು. ಕೋರ್ಟಿಗೆ ಜೊತೆಗೊಬ್ಬರನ್ನು ಕರೆದೊಯ್ದು, ಹಿಂದಿರುಗುವಾಗ ಬೇರೆ ದಾರಿ ಹಿಡಿಯುವುದು ಲೇಸು. ಕಲಂ 16ರ ಪ್ರಕಾರ ಮುಚ್ಚಿದ ಕೋಣೆಯಲ್ಲಿ ವಿಚಾರಣೆ ಕೇಳಬಹುದು.

ಕಲಂ 31 ಮತ್ತು 32: ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಸೆರೆ, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ; ಅಪರಾಧ ಜಾಮೀನುರಹಿತ; ಅವಳೊಬ್ಬಳ ಸಾಕ್ಷ್ಯವೇ ಸಾಕು.

ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ಸಾಕ್ಷಿ ಎಲ್ಲಿ ಎಂದು ಶತಮಾನಗಳಿಂದ ಕೇಳಿಸಿಕೊಂಡವಳಿಗೆ, ನಿನ್ನ ಮಾತೇ ಸಾಕ್ಷಿ ಎಂದು ಕಾಯ್ದೆ ಇಲ್ಲಿ ಹೇಳುತ್ತದೆ. ಆದೇಶದ ಪ್ರತಿ ಅವಳಿಗೂ ಠಾಣೆಗೂ ಉಚಿತವಾಗಿ ಸಿಗಬೇಕು. ಅದು ಚೀಲದಲ್ಲಿ, ಫೋನಿನಲ್ಲಿ, ಆಶ್ರಯ ಕೊಟ್ಟವರ ಬಳಿ ಇರಲಿ. ಅವನು ಬಾಗಿಲು ಬಡಿದರೆ ತೆರೆದು ಮಾತಾಡಿಸಬೇಡಿ, ‘ಕೊನೇ ಸಲ ಒಂದೇ ಮಾತು’ ಎಂದರೂ ಬೇಡ. 112ಕ್ಕೆ ಕರೆ ಮಾಡಿ, ಕೋರ್ಟಿನ ಆದೇಶವಿದೆ ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಇದನ್ನು ಓದುತ್ತಿರುವವರು ಹೊರಡಬೇಕಾದವರೇ ಆಗಿದ್ದರೆ, ನಾಳೆಯೇ ಹೊರಡಿ ಎಂದು ನಾನು ಹೇಳುವುದಿಲ್ಲ. ದಿನವನ್ನು ನೀವೇ ಆರಿಸಿಕೊಳ್ಳಿ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಅವನ ಕೈಗೆ ಸಿಗದ ಫೋನೊಂದರಿಂದ 181ಕ್ಕೆ ಕರೆ ಮಾಡಿ, ಹತ್ತಿರದ ಸಖಿ ಕೇಂದ್ರ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ.